ಬೆಲ್ಲದ ತಕ್ಕಡಿಯಲ್ಲಿ ಕೂತ ರಾಣಿ

ತೂಕದ ಯಂತ್ರ ಹತ್ತಿದಾಗ ನಾನು ಮುಳ್ಳಿನ ಕಡೆ ನೋಡುವುದಿಲ್ಲ. ಆಸ್ಪತ್ರೆಯ ನರ್ಸಮ್ಮ ಎಷ್ಟು ಬೇಕೋ ಅಷ್ಟು ಬರೆದುಕೊಳ್ಳಲಿ, ನನಗೆ ಹೇಳುವುದು ಮಾತ್ರ ಬೇಡ. ಇದು ಅಂಜಿಕೆಯಲ್ಲ. ನನ್ನನ್ನು ಒಮ್ಮೆ ಸರಿಯಾಗಿ ತೂಗಿ ಆಗಿದೆ, ಅದರಲ್ಲೇ ನನಗೆ ತೃಪ್ತಿಯಿದೆ.

ಆಗ ಕೊಳ್ಳೇಗಾಲ ಇನ್ನೂ ಮದರಾಸಿನವರ ಆಡಳಿತದಲ್ಲಿತ್ತು. ಹದಿನಾರರ ನಾನು ಒಂದು ನಾಟಕ ಕಂಪನಿಯಲ್ಲಿ ಕಾಡುಪಾಲಾದ ರಾಣಿಯ ಪಾತ್ರ ಮಾಡುತ್ತಿದ್ದೆ. ಊರ ಗೋಡೆಗಳ ಮೇಲೆಲ್ಲ ನನ್ನ ಚಿತ್ರ. ಯಳಂದೂರಿನಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಊಟದ ಪಂಕ್ತಿಯಲ್ಲಿ ಮಾತ್ರ ನಾನು ಕಾಡುಪಾಲಾದವಳಂತೆ ಕಾಣುತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಅದು ಒಂದು ವಾರಪತ್ರಿಕೆಯ ಕಣ್ಣಿಗೆ ಬಿತ್ತು. ‘ರಾಣಿ ಗೆಡ್ಡೆಗೆಣಸು ತಿಂದು ಬದುಕಿದಳೆಂದು ಕಥೆ. ಈ ರಾಣಿಯನ್ನು ನೋಡಿದರೆ ಕಾಡಿನಲ್ಲಿ ಒಂದು ಗೆಡ್ಡೆಯೂ ಉಳಿದಿರಲಾರದು’ ಎಂದು ಬರೆದರು. ನನ್ನ ಹಾಡಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಹಳೆಯ ಕವಿಗಳು ಹೆಣ್ಣಿನ ನಡೆಗೆ ಆನೆಯನ್ನು ತಂದರು, ಸೊಂಟಕ್ಕೆ ಸಿಂಹವನ್ನು ತಂದರು. ಒಂದೇ ಮೈಯಲ್ಲಿ ಆ ಎರಡೂ ಹೇಗೆ ಹೊಂದಿಕೊಂಡು ಬಾಳಬೇಕೆಂದು ಯಾರೂ ಯೋಚಿಸಲಿಲ್ಲ. ಪತ್ರಿಕೆಯವರಿಗೆ ನನ್ನಲ್ಲಿ ಬರೀ ಆನೆ ಕಂಡಿತ್ತು.

ಕಂಪನಿಯ ಯಜಮಾನರು ಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೇಳಿದರು: “ಮುಂದಿನ ಹನೂರಿನ ಕ್ಯಾಂಪು ಮುಗಿಯುವಷ್ಟರಲ್ಲಿ ಮೈ ಇಳಿಯಬೇಕು. ಇಲ್ಲದಿದ್ದರೆ ಪಾತ್ರ ಬೇರೆಯವಳಿಗೆ.” ಹಾಡುವುದು ಬಿಟ್ಟು ನನಗೆ ಬೇರೆ ಏನೂ ಬರುತ್ತಿರಲಿಲ್ಲ. ಅಂದಿನಿಂದ ನನ್ನ ಊಟ ಮಜ್ಜಿಗೆಗೆ ಇಳಿಯಿತು. ಮೈ ಇಳಿಯಿತು, ಅದರ ಹಿಂದೆಯೇ ದನಿಯೂ ಇಳಿಯಿತು.

ಹನೂರಿಗೆ ಬಂದಾಗ ಅಲ್ಲಿನ ಬೆಲ್ಲದ ಮಂಡಿಯವರು ರಾಣಿಗೆ ಬೆಲ್ಲದ ತುಲಾಭಾರ ಮಾಡಿಸುತ್ತೇವೆಂದರು. ಹಿಂದಿನ ವರ್ಷದ ನಾಟಕದಲ್ಲಿ ನನ್ನನ್ನು ನೋಡಿ ಮೆಚ್ಚಿದವರು ಅವರು. ತೂಗಿದ ಬೆಲ್ಲವನ್ನು ಬಂದವರಿಗೆಲ್ಲ ಹಂಚುವುದು ಅಲ್ಲಿಯ ಪದ್ಧತಿ. ಊರ ಹೆಂಗಸರೆಲ್ಲ ಸೆರಗು ಕೊಡವಿಕೊಂಡು ಬಂದರು.

ಮಂಡಿಯ ದೊಡ್ಡ ತಕ್ಕಡಿಯಲ್ಲಿ ಕೂತೆ. ಆ ಕಡೆ ಬೆಲ್ಲದ ಅಚ್ಚು ಇಡುತ್ತಾ ಬಂದರು. ಬೆಲ್ಲದ ಕುಕ್ಕೆ ಅರ್ಧ ಖಾಲಿಯಾಗುವ ಮೊದಲೇ ನಾನು ಕೂತ ತಟ್ಟೆ ಮೇಲೆದ್ದುಬಿಟ್ಟಿತು. ಹೆಂಗಸರು ಉಳಿದ ಬೆಲ್ಲವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ತೆಳ್ಳಗಾದದ್ದಕ್ಕೆ ನಾನು ನಾಚಿದ್ದು ಅದೇ ಮೊದಲು.

ಮಂಡಿಯವರ ತಾಯಿ ಪುಟ್ಟಮಾದಮ್ಮ ಯಜಮಾನರ ಎದುರಿಗೆ ಬಂದು ನಿಂತರು. “ಏನ್ ಸಾ, ಕೂಸ್ಗ ಇಟ್ಟು ಸಾರು ಆಕ್ದೆ ಮಡಗಿದ್ದೀರಾ?”

“ದಪ್ಪ ಅಂತ ಪತ್ರಿಕೆಯಲ್ಲಿ ಬರೆದಿದ್ದಾರಮ್ಮ.”

“ಬರ್ದವ್ನ ಕರ್ಕಬನ್ನಿ. ಅವ್ನೂ ಟವಲ್ ಒಡ್ಕಂಡು ನಮ್ ಜೊತೇಲಿ ನಿಂತ್ಕಳ್ಳಿ. ಬೆಲ್ಲ ಕಮ್ಮಿಯಾದ್ರ ಏನ್ ಬರದನು ನೋಡಮ.” ಆಮೇಲೆ ಮಗನ ಕಡೆ ತಿರುಗಿದರು. “ಬೆಟ್ಟದ ಮಾದಪ್ಪನ ಎಸ್ರೇಳಿ ತೂಗದು ಇದು. ಸರಿಯಾಗ್ನಿಲ್ಲ, ಲೆಕ್ಕಕ್ಕಿಲ್ಲ. ಕೂಸು ಉಣ್ಲಿ, ಇವ್ರು ಗಾಡಿ ಕಟ್ಟಾಗ ತೂಗಮ.”

ಅಲ್ಲಿಂದ ಮುಂದೆ ನನ್ನ ಊಟ ಊರಿನ ಜವಾಬ್ದಾರಿಯಾಯಿತು. ಒಂದು ಮನೆಯಿಂದ ಮುದ್ದೆ ಬಂದರೆ ಇನ್ನೊಂದರಿಂದ ಅವರೆಕಾಳಿನ ಸಾರು, ಗಟ್ಟಿ ಮೊಸರು. ತಂದವರು ನಾನು ಉಂಡು ಮುಗಿಸುವವರೆಗೆ ಎದುರಿಗೇ ಕೂತಿರುತ್ತಿದ್ದರು. ಯಜಮಾನರು ಡೇರೆಯ ಬಾಗಿಲಲ್ಲಿ ನಿಂತು ಉಗುಳು ನುಂಗುತ್ತಿದ್ದರು. ದನಿ ತಾನಾಗಿ ತಿರುಗಿ ಬಂತು. ಕಾಡಿನ ದೃಶ್ಯದ ಹಾಡಿಗೆ ಒನ್ಸ್ ಮೋರ್ ಬಿದ್ದ ಮೇಲೆ ಪಾತ್ರ ಬದಲಿಸುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ಹೊರಡುವ ದಿನ ಮತ್ತೆ ತೂಗಿದರು. ಕುಕ್ಕೆ ಖಾಲಿಯಾಯಿತು, ಒಳಗಿನಿಂದ ಇನ್ನಷ್ಟು ತಂದರು. ನಾನು ಭದ್ರವಾಗಿ ಕೆಳಗೇ ಕೂತಿದ್ದೆ. ಎಲ್ಲರ ಸೆರಗೂ ತುಂಬಿದ ಮೇಲೆ ಪುಟ್ಟಮಾದಮ್ಮ ಒಂದು ತುಂಡು ಮುರಿದು ನನ್ನ ಬಾಯಿಗಿಟ್ಟರು. “ನಿನ್ ತೂಕದ್ದೇ ಕಣವ್ವ, ನೀನೂ ತಿನ್ನು.” ನಾನು ಅತ್ತುಬಿಟ್ಟೆ. ಆ ಋಣ ಈಗಲೂ ನನ್ನ ಮೈಮೇಲಿದೆ, ನೋಡಿದವರಿಗೆಲ್ಲ ಕಾಣುವಷ್ಟಿದೆ.

ಈಗಿನ ಸಿನಿಮಾ ಪತ್ರಿಕೆಗಳು ಹದಿನಾರರ ಹುಡುಗಿಯರ ಸೊಂಟ ಅಳೆಯುವುದನ್ನು ಓದಿದಾಗ, ಈ ಮಗುವಿಗೂ ಒಂದು ಹನೂರು ಸಿಗಲಪ್ಪಾ ಎಂದುಕೊಳ್ಳುತ್ತೇನೆ. ಮೊನ್ನೆ ಹೊಸ ನರ್ಸಮ್ಮ ನನ್ನ ತೂಕವನ್ನು ಗಟ್ಟಿಯಾಗಿ ಹೇಳಲು ಹೊರಟರು. “ಬೇಡ ತಾಯಿ,” ಎಂದೆ, “ಅದನ್ನು ಹನೂರಿನಲ್ಲಿ ಆಗಲೇ ಹಂಚಿ ಆಗಿದೆ.”