ಹಿಂದಿನ ಸೀಟಿನ ಗಾದಿ

ಬಿಸಿಲಲ್ಲಿ ನಿಂತ ಮೋಟಾರ್ ಸೈಕಲ್ಲಿನ ಕಾದ ರೆಕ್ಸಿನ್ ವಾಸನೆ ಮೂಗಿಗೆ ಬಡಿದರೆ ಸಾಕು, ಎಪ್ಪತ್ತರ ದಶಕದ ಕೊನೆಯ ದಾವಣಗೆರೆ, ಮಂಡಿಪೇಟೆಯ ಹಿಂದಿನ ಓಣಿಯ ನಮ್ಮ ಮನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮುಂದಿನ ಪಡಸಾಲೆಯೇ ಅಂಗಡಿ. ಹಿಂಜಿದ ಹತ್ತಿಯ ಎಳೆ ಚಹಾದ ಲೋಟದಲ್ಲಿ ತೇಲುತ್ತಿತ್ತು, ಅವ್ವನ ರೆಪ್ಪೆಯ ಮೇಲೆ ಕೂರುತ್ತಿತ್ತು, ನನ್ನ ಜಡೆಯೊಳಗೆ ಸೇರಿ ಶಾಲೆಗೂ ಬರುತ್ತಿತ್ತು. ಈಗ ಅಲ್ಲಿ ಯಾರದೋ ಗೋದಾಮು. ನಿಮಗೂ ಹಾಗೆ ಕಳೆದುಹೋದ ಮನೆಯೊಂದಿದ್ದರೆ ಗೊತ್ತಿರುತ್ತದೆ, ಎಷ್ಟು ಸಲ ಆ ಓಣಿಗೆ ಹೋಗಿ ನಿಂತರೂ ಒಳಗೆ ಕರೆಯುವವರು ಯಾರೂ ಇರುವುದಿಲ್ಲ.

ಅವ್ವನ ತವರು ಹರಿಹರ. ಅಲ್ಲಿ ಮಾವನ ಮನೆಯಲ್ಲಿ, ಕಣ್ಣು ಹೋಗಿ ಹಾಸಿಗೆ ಹಿಡಿದ ಅಜ್ಜಿ ಇದ್ದಳು. ಪ್ರತಿ ಭಾನುವಾರ ನಾವು ಮೂವರೂ ಅಪ್ಪನ ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು, ಹಿಂದೆ ಅವ್ವ. ನನಗೆ ಒಂಬತ್ತು ವರ್ಷವಾದಾಗ ಅವ್ವನ ಸೊಂಟದ ಎಲುಬಿಗೆ ರೋಗ ಇಳಿಯಿತು. ಬಸ್ಸಿನ ಮೆಟ್ಟಿಲು ಹತ್ತಲು ಕಾಲು ಏಳುತ್ತಿರಲಿಲ್ಲ. ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿರುವುದು ಎಂದರು ಡಾಕ್ಟರು. ಅಪ್ಪ ಆ ಮಾತನ್ನು ತನಗೆ ಹೇಳಿದ ಕೆಲಸವೆಂದೇ ತಿಳಿದುಕೊಂಡ. “ಊರಿಗೆಲ್ಲ ಗಾದಿ ಹೊಲಿದು ಕೊಟ್ಟೀನಿ, ಇವಳು ಕೂತ್ಕಳ್ಳಾಕೆ ಒಂದು ಮಾಡಾಕಾಗಲ್ಲೇನು?” ಎಂದ.

ಮೊದಲು ಅರಳೆಯದು ಮಾಡಿದ. ಊರು ದಾಟುವಷ್ಟರಲ್ಲಿ ಅದು ಚಪ್ಪಟೆಯಾಯಿತು. ಬೂರುಗದ ಹತ್ತಿ ತುಂಬಿದ, ಜಾರಿತು. ತೆಂಗಿನ ನಾರು ಚುಚ್ಚಿತು. ಟ್ಯೂಬಿಗೆ ಗಾಳಿ ತುಂಬಿಸಿ ಕೂರಿಸಿದರೆ ಒಂದೊಂದು ಗುಂಡಿಗೂ ಅವ್ವ ಪುಟಿದು ಬೀಳುತ್ತಿದ್ದಳು. ಕೊನೆಗೊಂದು ದಿನ ಪಕ್ಕದ ಸೈಕಲ್ ಅಂಗಡಿಯ ಚಾಚಾಗೆ ಗಾಡಿ ಓಡಿಸಲು ಹೇಳಿ, ತಾನೇ ಹಿಂದೆ ಕೂತು ಆನಗೋಡಿನವರೆಗೂ ಹೋಗಿಬಂದ. ಬಂದವನು ನೇರ ಅವ್ವನ ಹತ್ತಿರ ಹೋಗಿ ಕೂತ. “ಗುಂಡಿ ಬರೋದು ಮುಂದಿನವನಿಗೆ ಕಾಣ್ತೈತೆ. ಹಿಂದೆ ಕೂತವರಿಗೆ ಬಿದ್ದ ಮೇಲೇ ಗೊತ್ತಾಗೋದು. ಇಷ್ಟು ವರ್ಷ ನನಗಿದು ತಿಳೀಲೇ ಇಲ್ಲ ನೋಡು,” ಎಂದು ಅವ್ವನಿಗೆ ಹೇಳಿದ. ಅಂದಿನಿಂದ ದಾರಿಯುದ್ದಕ್ಕೂ “ಗುಂಡಿ ಐತೆ, ಗಟ್ಟಿ ಹಿಡ್ಕಾ” ಎಂದು ಕೂಗುತ್ತಾ ಓಡಿಸತೊಡಗಿದ. ಅರಳೆಯನ್ನೇ ಪದರ ಪದರವಾಗಿ ಒತ್ತಿ ಹೊಸ ಗಾದಿ ಹೊಲಿದ, ಬೆನ್ನಿಗೆ ಒರಗು ಕಟ್ಟಿದ, ಕಾಲಿಡಲು ಅಗಲವಾದ ಹಲಗೆ ಕೂರಿಸಿದ.

ಆ ವರ್ಷ ಮಳೆ ನಿಂತ ಮೇಲೆ ಒಂದು ಭಾನುವಾರ ಹೊರಟೆವು. ರಸ್ತೆ ಕಿತ್ತುಹೋಗಿತ್ತು. ಅಪ್ಪ ಎಷ್ಟು ನಿಧಾನವಾಗಿ ಓಡಿಸಿದನೆಂದರೆ ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ಮೂರು ಮೈಲಿ ಹೋಗಿರಬೇಕು, ಅವ್ವ ಅವನ ಭುಜ ತಟ್ಟಿದಳು. ಹುಣಸೇಮರದ ಕೆಳಗೆ ನಿಲ್ಲಿಸಿದ. ಇಳಿಯಲು ಅವಳಿಗೆ ಆಗಲಿಲ್ಲ. ಮುಖ ಬೆವರಿತ್ತು.

“ಗಾದಿ ಸರಿ ಇಲ್ಲೇನು? ಇನ್ನೊಂದು ಪದರ ಹಾಕ್ಲಾ?” ಅಪ್ಪ ಕೇಳಿದ.

“ಗಾದಿ ಚಲೋ ಐತ್ರಿ,” ಎಂದಳು ಅವ್ವ. “ನೋವು ಒಳಗೈತೆ. ಅಲ್ಲೀಗಂಟ ನಿಮ್ಮ ಹತ್ತಿ ಹೋಗಲ್ಲ. ಇನ್ನ ಮಾಡಬ್ಯಾಡ್ರಿ.”

ಅಪ್ಪ ಮತ್ತೆ ಎಂಜಿನ್ ಚಾಲೂ ಮಾಡಲಿಲ್ಲ. ಅವಳನ್ನು ಕೂರಿಸಿಕೊಂಡೇ ಗಾಡಿಯನ್ನು ದಾವಣಗೆರೆಯ ಕಡೆಗೆ ತಿರುಗಿಸಿ ತಳ್ಳಿಕೊಂಡು ನಡೆದ. ನಾನು ಅವ್ವನ ಪಾದ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. 

ರಂಜಾನ್ ಬರುವ ಮೊದಲೇ ಅವ್ವ ಹೋದಳು. ಅಜ್ಜಿಗೆ ಹೇಳುವುದು ಬೇಡವೆಂದು ಮಾವ ನಿರ್ಧರಿಸಿದ. ನಲವತ್ತು ದಿನ ಕಳೆದ ಮೇಲೆ ಅಪ್ಪ ನನ್ನನ್ನು ಬಸ್ಸಿನಲ್ಲಿ ಹರಿಹರಕ್ಕೆ ಕರೆದೊಯ್ದ. ಅಜ್ಜಿ ನನ್ನ ಕೆನ್ನೆ, ತಲೆ, ಭುಜ ಎಲ್ಲ ಸವರಿ, ಆಮೇಲೆ ಕೈಯನ್ನು ಇನ್ನೂ ಆಚೆಗೆ ಚಾಚಿ ಗಾಳಿಯಲ್ಲಿ ಹುಡುಕಿದಳು.

“ಅವಳು ಯಾಕ ಬರಲಿಲ್ಲ?”

“ಸೊಂಟ ನೋವು,” ಎಂದ ಅಪ್ಪ. “ಮುಂದಿನ ವಾರ ಕರ್ಕಂಡು ಬರ್ತೀನಿ.”

“ಬ್ಯಾಡಪ್ಪ,” ಎಂದಳು ಅಜ್ಜಿ. “ಅಷ್ಟು ದೂರ ಕೂತು ಬರೋದು ಅವಳಿಗೆ ತ್ರಾಸು. ಮನೆಯಾಗೇ ಆರಾಮಾಗಿ ಮಲಗಿರ್ಲಿ ಬಿಡು.”

ಅಪ್ಪ ಹ್ಞೂ ಎಂದ.