ಚಿಕ್ಕವ್ವ ಹೇಳಿಕೊಟ್ಟ ಮಾತು

ಹುಣಸೆಬೀಜದ ಗಂಜಿ ಕುದಿಯುವ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಿಂತಲ್ಲೇ ನಿಂತುಬಿಡುತ್ತೇನೆ. ಚಳ್ಳಕೆರೆ ಸೀಮೆಯಲ್ಲಿ ನಾಲ್ಕೇ ಮನೆಯ ಹಟ್ಟಿ ನಮ್ಮದು. ಕುರಿ ಕಾಯುವುದು, ಕಂಬಳಿ ನೇಯುವುದು, ಅಷ್ಟೇ ಬದುಕು. ಅಂಗಳದುದ್ದಕ್ಕೂ ಕರಿ ಉಣ್ಣೆಯ ನೂಲನ್ನು ಎಳೆದು ಕಟ್ಟಿ, ಆಚೆಗೊಬ್ಬರು ಈಚೆಗೊಬ್ಬರು ನಿಂತು, ನೂಲು ಗಟ್ಟಿಯಾಗಲೆಂದು ಕುಂಚದಿಂದ ಆ ಗಂಜಿ ಬಳಿಯುತ್ತ ಹೋಗಬೇಕು. ಆಚೆ ಚಿಕ್ಕವ್ವ, ಈಚೆ ನಾನು. ಆ ಅಂಗಳದಲ್ಲಿ ಈಗ ಬೇರೆ ಯಾರದೋ ಗೋಡೆ ಎದ್ದಿದೆ.

ಚಿಕ್ಕವ್ವ ನಮ್ಮ ಚಿಕ್ಕಪ್ಪನ ಹೆಂಡತಿ. ಮೊಳಕಾಲ್ಮೂರು ದಾಟಿ ಆಚೆಯ ತೆಲುಗು ಊರಿನವಳು. ಮೊಳಕಾಲ್ಮೂರಿನಲ್ಲಾದರೆ ಎರಡೂ ಮಾತು ಬಲ್ಲವರು ಬೀದಿಗೆ ಹತ್ತು ಜನ ಸಿಗುತ್ತಿದ್ದರು. ನಮ್ಮ ಹಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. "ಮೂಗಿ ಸೊಸೇನ ತಂದಂಗಾತು" ಎಂದು ಅಜ್ಜಿ ಗೊಣಗುತ್ತಿದ್ದಳು. ಗಂಜಿ ಬಳಿಯುತ್ತ ಚಿಕ್ಕವ್ವ ಒಂದೊಂದೇ ವಸ್ತು ತೋರಿಸಿ ಹೆಸರು ಹೇಳುವಳು, ನಾನು ಹೇಳಿದ್ದು ತಪ್ಪಾದರೆ ಸೆರಗು ಬಾಯಿಗಿಟ್ಟು ನಗುವಳು. ಹಾಗೇ ತೆಲುಗು ಕಲಿತೆ. ಆಮೇಲೆ ಅತ್ತೆ ಸೊಸೆಯರ ನಡುವಿನ ಬಾಯಿ ನಾನೇ ಆದೆ. ಅಜ್ಜಿಯ ಬೈಗುಳದಲ್ಲಿ ಅರ್ಧ ನುಂಗಿಕೊಂಡು ಉಳಿದರ್ಧವನ್ನಷ್ಟೇ ತೆಲುಗಿನಲ್ಲಿ ದಾಟಿಸುತ್ತಿದ್ದೆ. ನಿಮ್ಮ ಮನೆಯಲ್ಲೂ ಇಂಥದೊಂದು ಮಗು ಇದ್ದಿರಬೇಕು.

ನನಗೆ ಒಂಬತ್ತು ತುಂಬಿದ ಬೇಸಗೆ ಚಿಕ್ಕವ್ವನಿಗೆ ಜ್ವರ ಬಂತು, ಇಳಿಯಲೇ ಇಲ್ಲ. ಅವಳ ತಾಯಿಯನ್ನು ಕರೆತರಲು ಚಿಕ್ಕಪ್ಪ ಗಾಡಿ ಕಟ್ಟಿದ. ತಾಯಿ ಬರುವವರೆಗೆ ತಾನು ಉಳಿಯುವುದಿಲ್ಲವೆಂದು ಅವಳಿಗೆ ತಿಳಿದಿತ್ತೋ ಏನೋ, ನನ್ನ ಮುಂಗೈ ಹಿಡಿದು ಹೇಳಿದಳು: "ಈಡ ಮಾಟ್ಲಾಡೇಕಿ ನಾಕೊಕ ಬಿಡ್ಡ ಉಂದಿ. ಅಮ್ಮಕು ಚೆಪ್ಪು." ಇಲ್ಲಿ ಮಾತಾಡಲು ನನಗೊಂದು ಮಗು ಇದೆ, ಅಮ್ಮನಿಗೆ ಹೇಳು ಎಂದು.

ಗಾಡಿ ಬರುವಷ್ಟರಲ್ಲಿ ಚಿಕ್ಕವ್ವ ಹೋಗಿ, ಆ ಬಿಸಿಲಿಗೆ ಕಾಯಲಾಗದೆ ಮಣ್ಣೂ ಮಾಡಿ ಮುಗಿದಿತ್ತು. ಸಾವಿನ ಮನೆಗೆ ನೆಂಟರು ಬಂದಾಗ ಹೆಂಗಸರು ಕೊರಳು ಕಟ್ಟಿಕೊಂಡು, ಸತ್ತವರ ಗುಣ ಹೇಳುತ್ತ ಅಳುವುದು ನಮ್ಮಲ್ಲಿ ರೂಢಿ. "ನಿನ್ನ ಮಗಳು ಒಂದಿನಾನೂ ಎದುರು ಮಾತಾಡ್ಲಿಲ್ಲ ಕಣವ್ವ" ಎಂದು ಅಜ್ಜಿ ಕನ್ನಡದಲ್ಲಿ ಅತ್ತಳು. ಹಸಿವಾದಾಗ ಯಾರಿಗೆ ಹೇಳಿಕೊಂಡೆಯೇ ಮಗಳೇ ಎಂದು ಆ ತಾಯಿ ತೆಲುಗಿನಲ್ಲಿ ಅತ್ತಳು. ಒಬ್ಬರ ಕೊರಳಿಗೊಬ್ಬರು ಜೋತುಬಿದ್ದಿದ್ದರೂ ಒಬ್ಬರ ಅಳು ಇನ್ನೊಬ್ಬರಿಗೆ ಮುಟ್ಟಲಿಲ್ಲ. ಎರಡೂ ತಿಳಿದಿದ್ದು ನನಗೊಬ್ಬಳಿಗೆ. ಆ ವಯಸ್ಸಿಗೆ ಅದು ಹೊರಲಾರದ ಭಾರ.

ಹತ್ತಿರ ಹೋಗಿ, ಚಿಕ್ಕವ್ವ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ. ಆ ತಾಯಿ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನೇ ಆ ಮಗು ಎಂದು ಅವಳಿಗೆ ತಿಳಿಯಿತು. ಎಳೆದು ಮಡಿಲಲ್ಲಿ ಕೂರಿಸಿಕೊಂಡು, "ಇಂಕೊಕ್ಕಸಾರಿ ಚೆಪ್ಪಮ್ಮಾ" ಎಂದಳು. ಇನ್ನೊಮ್ಮೆ ಹೇಳಿದೆ. ತಿರುಗಿ ಹೊರಡಲು ಗಾಡಿ ಹೂಡುವ ತನಕ ಅದನ್ನೇ ಕೇಳುತ್ತಿದ್ದಳು, ನಾನು ಹೇಳುತ್ತಲೇ ಇದ್ದೆ.

ಈಗ ಮನೆ ತುಂಬ ಮೊಮ್ಮಕ್ಕಳಿದ್ದಾರೆ, ಎಲ್ಲರದೂ ಕನ್ನಡವೇ. ಗಂಜಿಯ ವಾಸನೆ ಬಂದಾಗ ತೆಲುಗು ತಾನಾಗಿ ಬಾಯಿಗೆ ಬರುತ್ತದೆ. ನೂಲಿನ ಆಚೆ ಬದಿಯಲ್ಲಿ ನಿಂತು ಕೇಳಿಸಿಕೊಳ್ಳುವವರು ಯಾರೂ ಇಲ್ಲ.