ಯಾರ ಹೆಸರೂ ಇಲ್ಲದ ಖುತ್ಬಾ

ಹೋದ ತಿಂಗಳು ಶಿಗ್ಗಾವಿಯಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಸಭಾಂಗಣದಲ್ಲಿ ಹಳೆಯ ಜಮಖಾನವೊಂದನ್ನು ಬಿಚ್ಚಿ ಹಾಸಿದರು. ವರ್ಷಗಟ್ಟಲೆ ಸುತ್ತಿಟ್ಟಿದ್ದ ಜಮಖಾನ. ಧೂಳು, ಡಾಂಬರುಗುಳಿಗೆ, ಮಳೆಗಾಲದ ಮುಗ್ಗಲು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದಾಗ ನಾನು ಶಿಗ್ಗಾವಿಯಲ್ಲಿ ಇರಲಿಲ್ಲ. ಸವಣೂರಿನಿಂದ ಹತ್ತಿಮತ್ತೂರಿನ ಕಡೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಈದ್ಗಾದಲ್ಲಿ, ಅಪ್ಪನ ಪಕ್ಕದಲ್ಲಿ, ಹೊಸ ಅಂಗಿ ತೊಟ್ಟು ನಿಂತಿದ್ದೆ. ಮುಂದೆ, ಎಲ್ಲರಿಗಿಂತ ಒಂದು ಗೇಣು ಎತ್ತರವಾಗಿ, ನಮ್ಮ ಹಜರತ್ರು ನಿಂತಿದ್ದರು.

ಊರ ಮಸೀದಿಯ ಇಮಾಮರನ್ನು ನಾವೆಲ್ಲ ಹಾಗೆಯೇ ಕರೆಯುತ್ತಿದ್ದೆವು. ಹಿರೇಕೆರೂರು ಕಡೆಯ ಹಳ್ಳಿಯವರು. ಉತ್ತರದ ಯಾವುದೋ ದೊಡ್ಡ ಮದರಸಾದಲ್ಲಿ ವರ್ಷಾನುಗಟ್ಟಲೆ ಓದಿ ಬಂದಿದ್ದರೂ ಮಾತು ಮಾತ್ರ ಅಚ್ಚ ನಮ್ಮ ಸೀಮೆಯ ಕನ್ನಡ. ನಮ್ಮದು ನದಾಫರ ಓಣಿ, ಮನೆಮಾತು ಕನ್ನಡವೇ. ಅದಕ್ಕೇ ಶುಕ್ರವಾರದ ಅರಬ್ಬಿ ಪ್ರವಚನಕ್ಕೆ, ಅಂದರೆ ಖುತ್ಬಾಕ್ಕೆ, ಮೊದಲು ಅವರು ಅದರ ಸಾರವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಹತ್ತಿ ಹಿಂಜಿ ಬಂದ ಮುದುಕರು ತೂಕಡಿಸದೆ ಕೇಳುತ್ತಿದ್ದರು.

ನಾನಾಗ ಸವಣೂರಿನಲ್ಲಿ ಬಿ.ಎ. ಓದುತ್ತಿದ್ದೆ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಪರಮಾಧಿಕಾರ ಎಂಬ ಪಾಠವಿತ್ತು. ಸಂಜೆ ಮಸೀದಿಯ ಕಟ್ಟೆಯ ಮೇಲೆ ಅವರೊಬ್ಬರೇ ಕುಳಿತಾಗ ಒಮ್ಮೆ ಕೇಳಿದೆ. ಎಲ್ಲ ಹುಕುಮೂ ಅಲ್ಲಾಹನದು ಎನ್ನುವುದಾದರೆ ಮನುಷ್ಯರು ಮಾಡಿದ ಸರಕಾರಕ್ಕೆ ಏನು ಬೆಲೆ, ಓಟು ಹಾಕುವುದು ಸರಿಯೇ ಎಂದು. ಪೇಟೆಯಲ್ಲಿ ಯಾರೋ ಆಗ ಹಾಗೆ ವಾದಿಸುತ್ತಿದ್ದರು, ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಅವರು ಗಡ್ಡ ನೀವಿಕೊಂಡು ಹೇಳಿದರು.

"ಹುಕುಂ ಅವಂದ, ಅದು ಖರೇನ. ಹಂಗಂದ್ರ ಆ ಗಾದಿ ಮ್ಯಾಲೆ ಮತ್ತ್ಯಾರೂ ಕುಂಡ್ರಂಗಿಲ್ಲ ಅಂತ ಅರ್ಥ ಆತಿಲ್ಲೋ? ನವಾಬ ಕುಂಡ್ರಂಗಿಲ್ಲ, ಮಂತ್ರಿ ಕುಂಡ್ರಂಗಿಲ್ಲ. ಅವನ ಹೆಸರು ಹೇಳಿಕೊಂಡು ನನ್ನಂಥ ಮೌಲ್ವಿನೂ ಕುಂಡ್ರಂಗಿಲ್ಲ, ತಮ್ಮಾ. ನಮ್ಮ ಕೈಯಾಗಿರೂದು ಬರೇ ಅಮಾನತ್ತು. ನಂಬಿ ಇಟ್ಟದ್ದು. ಅದನ್ನ ಹೆಂಗ ಕಾಯಬೇಕು ಅನ್ನೂದನ್ನ ನಾಕು ಮಂದಿ ಕುಂತು ಮಾತಾಡಬೇಕು. ಓಟು ಅಂದ್ರ ಅದ. ನಾ ಅಂತೂ ಹಾಕ್ತೇನಿ."

ಹಾಕಿಯೂ ಹಾಕಿದರು. ಶಾಲೆಯ ಅಂಗಳದ ಸರದಿಯಲ್ಲಿ ಬಿಸಿಲಿಗೆ ತಲೆಯ ಮೇಲೆ ರುಮಾಲು ಹಾಕಿಕೊಂಡು ನಿಂತಿದ್ದ ಅವರ ಚಿತ್ರ ಇನ್ನೂ ಕಣ್ಣ ಮುಂದಿದೆ…

ಆ ಚುನಾವಣೆಯಲ್ಲಿ ಗೆದ್ದವರು ನಮ್ಮ ಸಮಾಜದವರೇ ಆದ ಒಬ್ಬ ನಾಯಕರು. ಇಡೀ ಸೀಮೆಗೆ ಅವರು 'ಸಾಹೇಬ್ರು'. ಕೆಟ್ಟವರೇನಲ್ಲ. ಈದ್ಗಾದ ಸುತ್ತ ಗೋಡೆ ಕಟ್ಟಿಸಿಕೊಟ್ಟಿದ್ದರು. ಊರಿಗೆ ಹೈಸ್ಕೂಲು ತರುತ್ತೇನೆ ಎಂದು ಮಾತು ಕೊಟ್ಟಿದ್ದರು. ಏಳನೆಯ ಇಯತ್ತೆ ಮುಗಿಸಿದ ಹುಡುಗಿಯರು ಸವಣೂರಿಗೆ ಹೋಗಲಾಗದೆ ಮನೆಯಲ್ಲೇ ಕೂಡುತ್ತಿದ್ದ ಕಾಲ ಅದು. ಅಪ್ಪ ಜಮಾತಿನ, ಅಂದರೆ ಮಸೀದಿ ಕಮಿಟಿಯ, ಅಧ್ಯಕ್ಷ. ಆ ಹೈಸ್ಕೂಲು ಆಗಲೇಬೇಕೆಂಬುದು ಅಪ್ಪನ ಜೀವದ ಆಸೆಯಾಗಿತ್ತು.

ಹಿಂದೆ ನವಾಬರ ಆಳ್ವಿಕೆಯಲ್ಲಿ ಶುಕ್ರವಾರದ ಖುತ್ಬಾದಲ್ಲಿ ಆಳುವವರ ಹೆಸರು ಓದುತ್ತಿದ್ದರಂತೆ. ಮುದುಕರು ಹೇಳುತ್ತಿದ್ದರು. ಹಜರತ್ರು ಮಾತ್ರ "ನಮ್ಮನ್ನು ಆಳುವವರಿಗೆ ನ್ಯಾಯದ ಬುದ್ಧಿ ಕೊಡು" ಎಂದಷ್ಟೇ ಬೇಡಿಕೊಳ್ಳುತ್ತಿದ್ದರು. ಅವರ ಖುತ್ಬಾದಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಕಮಿಟಿಯ ಕೆಲವರಿಗೆ ಅದು ಸರಿಬೀಳಲಿಲ್ಲ. ಅಪ್ಪ ಹೋಗಿ ಕೇಳಿದರು.

"ಒಂದು ಸಲ ಸಾಹೇಬ್ರ ಹೆಸರು ತಗೊಂಡ್ರ ಏನಾಕ್ಕೇತ್ರಿ ಹಜರತ್?"

"ಅವರಿಗೆ ಜಡ್ಡು ಬಂದ್ರ ಹೇಳ್ರಿ, ಹೆಸರು ಹಿಡಿದು ದುವಾ ಮಾಡ್ತೇನಿ. ಖುತ್ಬಾ ಓದೋ ಮಿಂಬರ್ ಮ್ಯಾಲೆ ನಿಂತು ಬ್ಯಾಡ್ರಿ. ಅಲ್ಲಿ ಎಲ್ಲಾರೂ ಒಂದ."

ಅಪ್ಪ ನಕ್ಕು ಆ ಮಾತು ಅಲ್ಲಿಗೇ ಬಿಟ್ಟರು. ಅಪ್ಪನಿಗೆ ಅವರ ಮೇಲೆ ಅಷ್ಟು ಪ್ರೀತಿಯಿತ್ತು.

ಆ ವರ್ಷದ ರಂಜಾನ್ ಹಬ್ಬಕ್ಕೆ ಸಾಹೇಬರು ನಮ್ಮೂರಿನ ಈದ್ಗಾಕ್ಕೇ ಬರುತ್ತಾರೆ ಎಂದು ಸುದ್ದಿಯಾಯಿತು. ಮೊದಲ ಸಾಲಿನ ನಡುವೆ, ಹಜರತ್ರ ಬೆನ್ನಿಗೇ, ಅವರು ನಮಾಜಿಗೆ ನಿಲ್ಲಲು ಮಖಮಲ್ಲಿನ ಜಾನಮಾಜು ಹಾಸಿದರು. ಹೊತ್ತಾಯಿತು. ಸಾಹೇಬರು ಬರಲಿಲ್ಲ. ದೂರದ ಹೊಲದ ಮನೆಗಳಿಂದ ನಡೆದು ಬರುವವರಿಗಾಗಿ ಹಜರತ್ರು ತಾವಾಗಿಯೇ ಸ್ವಲ್ಪ ತಡೆದರು. ಅವರೂ ಬಂದು ಕುಳಿತರು. ಬಿಸಿಲು ಏರಿತು. ಮಕ್ಕಳು ಅಳತೊಡಗಿದವು, ಮುದುಕರು ಕಾಲು ಬದಲಿಸುತ್ತ ಕೂತರು.

ಹಜರತ್ರು ತಿರುಗಿ ಅಪ್ಪನನ್ನು ಕೇಳಿದರು. "ಈಗ ಯಾರಿಗೆ ಕಾಯಾಕತ್ತೇವ್ರಿ?"

"ಸಾಹೇಬ್ರು ಗೊಟಗೋಡಿ ದಾಟ್ಯಾರಂತ್ರಿ. ಇನ್ನೊಂದೀಟು…"

"ನಡಕೊಂಡು ಬರಾವರಿಗೆ ಕಾದೇವಿ, ಅದು ಚಲೋ ಆತು. ಗಾಡ್ಯಾಗ ಬರಾವರಿಗೆ ಇಷ್ಟು ಮಂದಿನ್ನ ಬಿಸಲಾಗ ಕುಂದ್ರಸೂದು ನ್ಯಾಯ ಅಲ್ರಿ."

ಅವರು ಎದ್ದರು. ಜನವೂ ಎದ್ದಿತು. ಮಖಮಲ್ಲಿನ ಜಾಗ ಖಾಲಿಯಾಗಿಯೇ ಇತ್ತು. ಅಲ್ಲಿ ಕಾಲಿಡಲು ಯಾರಿಗೂ ಧೈರ್ಯವಿಲ್ಲ. ಸಾಲಿನಲ್ಲಿ ನಡುವೆ ಜಾಗ ಬಿಡಬಾರದು ಎಂದು ಹಜರತ್ರು ಹೇಳಿದರು. ಮತ್ತೂ ಯಾರೂ ಅಲುಗಲಿಲ್ಲ. ಆಗ ಅವರು ಎರಡನೆಯ ಸಾಲಿನಲ್ಲಿದ್ದ ಹಮಾಲಿ ಮುದುಕನೊಬ್ಬನ ಕೈ ಹಿಡಿದು ತಂದು ಅಲ್ಲಿ ನಿಲ್ಲಿಸಿದರು. ಆ ಮುದುಕ ಮಖಮಲ್ಲನ್ನು ತುಳಿಯಲು ಹಿಂಜರಿದು ಪಾದ ಮಡಚಿಕೊಂಡದ್ದನ್ನು ನಾನು ನೋಡಿದೆ.

ನಮಾಜು ಅರ್ಧವಾಗಿದ್ದಾಗ ಗಾಡಿಗಳ ಸದ್ದು ಕೇಳಿತು. ಸಾಹೇಬರು ಕಟ್ಟಕಡೆಯ ಸಾಲಿನಲ್ಲಿ, ಚಪ್ಪಲಿಗಳ ಪಕ್ಕ ನಿಂತು ನಮಾಜು ಮುಗಿಸಿದರು. ಆಮೇಲೆ ಮುಂದೆ ಬಂದು ಹಜರತ್ರನ್ನು ಅಪ್ಪಿಕೊಂಡರು, ನಕ್ಕರು, ಹಬ್ಬದ ಶುಭಾಶಯ ಹೇಳಿ ಹೋದರು. ನಡೆದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಆಡಬೇಕಾಗಿಯೂ ಇರಲಿಲ್ಲ. ಅವರ ಜೊತೆ ಬಂದಿದ್ದವನೊಬ್ಬ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದ. "ಹೈಸ್ಕೂಲಿನ ಕಾಗದ ಸಾಹೇಬ್ರ ಟೇಬಲ್ ಮ್ಯಾಲೇ ಐತಿ, ನೆನಪಿರಲಿ."

ವಾರದೊಳಗೆ ಕಮಿಟಿ ಸೇರಿತು. ಹಜರತ್ರನ್ನು ಇಮಾಮರ ಕೆಲಸದಿಂದ ಬಿಡಿಸಬೇಕು ಎಂದು ನಿರ್ಣಯವಾಯಿತು. ಹೇಳುವ ಕೆಲಸ ಅಪ್ಪನ ಮೇಲೆ ಬಿತ್ತು.

ಆ ದಿನ ಮಧ್ಯಾಹ್ನ ಅಪ್ಪ ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದು, ಹಾಗೇ ಬಿಟ್ಟರು.

"ಅವರು ಮಾಡಿದ್ದು ತಪ್ಪೇನ್ರಿ?" ಎಂದು ಅವ್ವ ಕೇಳಿದಳು.

"ತಪ್ಪಲ್ಲ. ಆದ್ರ ಊರಿನ ಹೆಣ್ಣುಮಕ್ಕಳು ಓದಬೇಕಲ್ಲ. ಅದೂ ತಪ್ಪಲ್ಲ. ನಾ ಏನ ಮಾಡ್ಲಿ, ಹೇಳು?"

ಅವ್ವ ತಾಟು ಎತ್ತಿಟ್ಟಳು.

ಹಜರತ್ರ ಮನೆಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಮಸೀದಿಗೆ ಹೊಂದಿದ ಎರಡು ಕೋಣೆಯ ಮನೆ, ಮಸೀದಿಯದೇ. ಕೆಲಸ ಹೋದರೆ ಸೂರೂ ಹೋಯಿತು. ಒಳಗೆ ಅವರ ಹೆಂಡತಿ ಕೆಮ್ಮುತ್ತಿದ್ದರು. ಮಗಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಪ್ಪ ಹೊಸ್ತಿಲಲ್ಲೇ ನಿಂತರು. ಹೇಳುವ ಕಷ್ಟವನ್ನು ಹಜರತ್ರೇ ತಪ್ಪಿಸಿದರು.

"ನನಗ ಗೊತ್ತಾಗೇತ್ರಿ. ಕುಂದರ್ರಿ, ಚಾ ಕುಡೀರಿ. ಇಮಾಮಕಿ ನೀವು ಕೊಟ್ಟದ್ದು, ನೀವು ಹೊಳ್ಳಿ ತಗೋಬಹುದು. ಜಮಾತಿನ ಮಾತಿಗೆ ನಾ ತಲಿ ಬಾಗಸ್ತೇನಿ. ನಮಾಜು ನೀವು ಕೊಟ್ಟದ್ದಲ್ರಿ, ಅದಕ್ಕ ಅವತ್ತ ನಿಮ್ಮ ಮಾತು ಕೇಳಲಿಲ್ಲ."

ಅಪ್ಪ ಚಹಾ ಕುಡಿದರು. ಮರುದಿನ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಅವರು ಹಿರೇಕೆರೂರಿಗೆ ಹೊರಟುಹೋದರು.

ಹೈಸ್ಕೂಲು ಬಂತು. ಇದನ್ನೂ ಹೇಳಬೇಕು. ನನ್ನ ತಂಗಿ ಅಲ್ಲೇ ಓದಿದಳು. ಹುಡುಗಿಯರು ಎರಡು ಜಡೆ ಹಾಕಿಕೊಂಡು ಸಾಲಾಗಿ ಹೋಗುವುದನ್ನು ಅಪ್ಪ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. "ಹಜರತ್ರು ಇದನ್ನ ನೋಡಬೇಕಿತ್ತು" ಎಂದು ಒಮ್ಮೆ ಅಂದವರು, ಮತ್ತೆಂದೂ ಆ ಮಾತು ಎತ್ತಲಿಲ್ಲ. ಕೆಲ ವರ್ಷಗಳ ಹಿಂದೆ ಅಪ್ಪ ತೀರಿಕೊಂಡರು. ಜನಾಜದ ದಿನ, ಮಣ್ಣು ಮಾಡುವ ಮುಂಚಿನ ನಮಾಜಿನ ಹೊತ್ತಿಗೆ, ನಾನು ಯಾಕೋ ರಸ್ತೆಯ ಕಡೆಗೇ ನೋಡುತ್ತಿದ್ದೆ… ಆ ಎತ್ತರದ ಆಕೃತಿ ಬರಲಿಲ್ಲ. ಸುದ್ದಿ ಮುಟ್ಟಿರಲಿಕ್ಕಿಲ್ಲ ಎಂದುಕೊಂಡೆ. ನಾನೂ ಸಂಸಾರ, ಕೆಲಸ ಎಂದು ಅವರನ್ನು ಹುಡುಕಿಕೊಂಡು ಹೋಗಲಿಲ್ಲ.

ಜಮಖಾನದ ವಾಸನೆ ಬಂದ ಆ ವಾರದ ರವಿವಾರ ಹಿರೇಕೆರೂರಿಗೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲು ತೆರೆದವಳು ಅವರ ಮಗಳು. ಈಗ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಊರಿನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು.

"ಒಳಗ ಬರ್ರಿ ಅಣ್ಣಾ. ಅಪ್ಪಾರು ಹೋಗಿ ಎರಡು ಮಳಿಗಾಲ ಆತು."

ನೀರು ತಂದುಕೊಟ್ಟು ಎದುರಿಗೆ ಕುಳಿತಳು. ಇಲ್ಲಿಗೆ ಬಂದ ಮೇಲೆ ಅವರು ಮಕ್ಕಳಿಗೆ ಓದು ಕಲಿಸುತ್ತಿದ್ದರಂತೆ. ಮತ್ತೆಲ್ಲೂ ಇಮಾಮರಾಗಲಿಲ್ಲವಂತೆ. ಕರೆದವರಿಗೆಲ್ಲ, ಹಿಂದೆ ನಿಲ್ಲುವುದೇ ಹಗುರ ಎನ್ನುತ್ತಿದ್ದರಂತೆ. ನಮ್ಮೂರಿಗೆ ಹೈಸ್ಕೂಲು ಬಂದದ್ದು ಅವರಿಗೆ ಗೊತ್ತಿತ್ತು. ಅದನ್ನು ಕೇಳಿದ ದಿನ ಮನೆಯಲ್ಲಿ ಸಜ್ಜಕದ ಸಿಹಿ ಮಾಡಿಸಿದ್ದರಂತೆ.

ನಾನು ಏಳುವಾಗ ಅವಳು ತಡೆದು ಹೇಳಿದಳು.

"ನಿಮ್ಮ ಅಪ್ಪಾರು ಹೋದ ಸುದ್ದಿ ಗೊತ್ತಾಗಿ ನಮ್ಮ ಅಪ್ಪಾರು ಹೊಂಟಿದ್ರು ಅಣ್ಣಾ. ಹಾವೇರಿ ಬಸ್‌ಸ್ಟ್ಯಾಂಡ್ ತನಕ ಹೋಗಿದ್ರು. ಅಲ್ಲಿ ಭಾಳ ಹೊತ್ತು ಕುಂತು ಹೊಳ್ಳಿ ಬಂದ್ರು. ಯಾಕಂತ ಕೇಳಿದ್ರ, 'ನಾ ಹೋದ್ರ ಜನಾಜಾ ನಮಾಜಿಗೆ ಇಮಾಮಾಗಿ ಮುಂದ ನಿಂದರ್ರಿ ಅಂತಾರ. ಈಗಿರೋ ಇಮಾಮರು ಎಲ್ಲಿಗೆ ಹೋಗಬೇಕು? ಇಲ್ಲಿಂದನ ದುವಾ ಮಾಡೀನಿ' ಅಂದ್ರು."

ಮರಳುವಾಗ ಹಾವೇರಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಶಿಗ್ಗಾವಿಯ ಬಸ್ಸು ನಿಂತೇ ಇತ್ತು, ಕಂಡಕ್ಟರ್ ಕೂಗುತ್ತಿದ್ದ. ನಾನು ಹತ್ತಲಿಲ್ಲ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕುಳಿತೆ. ಈ ಬೆಂಚುಗಳಲ್ಲಿ ಯಾವುದರ ಮೇಲೆ ಹಜರತ್ರು ಅವತ್ತು ಕುಳಿತಿದ್ದರೋ… ಬಸ್ಸು ಹೊರಟುಹೋಯಿತು. ಇನ್ನೊಂದು ಬರುವವರೆಗೆ ಅಲ್ಲೇ ಕುಳಿತಿದ್ದೆ.